ತಮ್ಮನ ಚಿತ್ರಕ್ಕೊಂದು ಚೀಟಿ

ಮಲ್ಲೇಶ್ವರ, ೧೯೯೮.

ಹಾಸನದ ಬಸ್ಸಿಳಿದು ನೇರವಾಗಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದೆ. ತೀರಿಕೊಂಡ ತಮ್ಮ ಇಲ್ಲಿ ಓದುವಾಗ ಬರೆದ ಕೆರೆಯ ಚಿತ್ರ ಇದರ ಗೋಡೆಯ ಮೇಲಿದೆ. ಕೆಳಗಿನ ಚೀಟಿಯಲ್ಲಿ ‘ಕಲಾವಿದರು ತಿಳಿದಿಲ್ಲ’ ಎಂದಿದೆ.

“ಸಹಿ ಇಲ್ವಲ್ಲಮ್ಮಾ. ಈ ಕೆರೆಗೆ ಆಗ್ಲೇ ಇಬ್ರು ವಾರಸುದಾರರು ಬಂದು ಹೋದ್ರು,” ಎಂದರು ಗ್ರಂಥಪಾಲಕರು.

“ಅವನು ಬರ್ದಿದ್ದು ನಮ್ಮಪ್ಪನ ಪಂಚೆ ಮೇಲೆ ಸಾರ್. ತಿರುಗಿಸಿ ನೋಡಿ, ಹಿಂದೆ ಕೆಂಪಂಚು ಇರತ್ತೆ.”

ಹೇಳಿದ ಮೇಲೆ ಹೆದರಿಕೆಯಾಯಿತು. ಅಂಚನ್ನು ಕತ್ತರಿಸಿಬಿಟ್ಟಿದ್ದರೆ? ಗ್ರಂಥಾಲಯದ ಇಬ್ಬರು ಸಹಾಯಕರು ಚಿತ್ರವನ್ನು ಹಿಡಿದು ಇಳಿಸಿದರು. ಹಿಂಬದಿಯ ಧೂಳು ಒರೆಸಿದಾಗ ಚೌಕಟ್ಟಿನ ಮೊಳೆಗಳ ಸಾಲಿನಲ್ಲಿ ಕೆಂಪಂಚು ಕಂಡಿತು.

ಗ್ರಂಥಪಾಲಕರು ಹೊಸ ಚೀಟಿ ತೆಗೆದು ಅವನ ಹೆಸರು, ಹುಟ್ಟಿದ ವರ್ಷ ಕೇಳಿ ಬರೆದುಕೊಂಡರು. ಪಕ್ಕದಲ್ಲೊಂದು ಗೆರೆ ಎಳೆದು, ಪೆನ್ನು ಎತ್ತದೆ ನನ್ನ ಮುಖ ನೋಡಿದರು.

“ಈ ವರ್ಷಾನೇ ಬರೀರಿ,” ಎಂದೆ.