ಕೈ ಹೋಗುವ ಜಾಗ ಬಲ್ಲ ಅಳತೆಯಕ್ಕ

ಬೆಳಗಿನ ಐದೂವರೆ. ಅಂಗಡಿಯ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಮೇಲೇರಿದೆ. ಒಳಗೆ, ಕಣ್ಣಳತೆಯಲ್ಲೇ ಹಲಗೆಗಳಿಗೆ ಸಾಮಾನು ಜೋಡಿಸುವ ಅಳತೆಯಕ್ಕ ಹೊಸ ಪೆಟ್ಟಿಗೆ ಸೀಳಿ, ಒಂದು ಬಾಟಲಿ ಹೊರತೆಗೆದು ಹಾಗೇ ನಿಂತುಬಿಡುತ್ತಾರೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್, ಮೇಲೆ ಹಣ್ಣಿನ ಚಿತ್ರ. ನೋಡಿದವರು ಹಣ್ಣಿನ ರಸ ಎನ್ನಬೇಕು. ಒಳಗಿರುವುದು ಕಟ್ಟಿಕೊಂಡ ಕೊಳವೆ ತೊಳೆಯುವ ಆಮ್ಲ.

ಮುಖ್ಯ ಕಚೇರಿಯ ಜೋಡಣೆ ನಕ್ಷೆಯ ಪ್ರಕಾರ ಇವು ಹಣ ಕಟ್ಟುವ ಸಾಲಿನ ಪಕ್ಕ, ಕೆಳಗಿನಿಂದ ಎರಡನೇ ಹಲಗೆಯಲ್ಲಿರಬೇಕು. ಸುಮ್ಮನೆ ಕಾಯುವವರ ಕೈ ಏನಾದರೊಂದನ್ನು ಎತ್ತಿಕೊಳ್ಳುತ್ತದೆ ಎಂಬುದು ಲೆಕ್ಕಾಚಾರ.

"ಲೆಕ್ಕ ಸರಿಯಾಗೇ ಇದೆ. ನನಗೆ ಭಯ ಅದಕ್ಕೇ," ಎನ್ನುತ್ತಾರೆ ಅಕ್ಕ. "ಆ ಹಲಗೆಗೆ ಮೊದಲು ಹೋಗೋದು ಅಮ್ಮನ ಕೈಯಲ್ಲ, ಮಗು ಕೈ."

ಹದಿನಾಲ್ಕು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಗಿರಾಕಿ ಎಲ್ಲಿ ನಿಲ್ಲುತ್ತಾನೆ, ಯಾವುದನ್ನು ಎತ್ತಿ ಮತ್ತೆ ಇಟ್ಟುಬಿಡುತ್ತಾನೆ ಎಂಬುದನ್ನೆಲ್ಲ ಪೊರಕೆ ಹಿಡಿದೇ ಕಲಿತರು. ಈಗ ದಿನಕ್ಕೆ ನೂರಿಪ್ಪತ್ತು ಪೆಟ್ಟಿಗೆ ಬಿಚ್ಚಿ, ನಲವತ್ತು ಹಲಗೆ ತುಂಬುತ್ತಾರೆ. ಸಂಜೆಗೆ ಮಣಿಕಟ್ಟು ಊದಿಕೊಂಡಿರುತ್ತದೆ.

"ಪೂರ್ತಿ ತುಂಬಿದ ಸಾಲು ಮುಟ್ಟೋಕೆ ಜನ ಹಿಂಜರೀತಾರೆ. ಒಂದು ತೆಗೆದಿಟ್ರೆ, ಯಾರೋ ತಗೊಂಡಿದಾರೆ ಅಂತ ಧೈರ್ಯ ಬರುತ್ತೆ," ಎಂದು ಗುಟ್ಟು ಬಿಟ್ಟುಕೊಡುತ್ತಾರೆ. ಅವರ ಅತ್ತೆಯ ಗೊಣಗಾಟವೇ ಬೇರೆ: "ಅಡುಗೆಮನೆ ಡಬ್ಬಿನೂ ವಾರಕ್ಕೊಂದ್ಸಲ ಜಾಗ ಬದಲಾಯಿಸ್ತಾಳೆ. ಉಪ್ಪು ಬೇಕಂದ್ರೆ ಮನೇಲೂ ನಾನು ಗಿರಾಕಿನೇ!"

ಆರೂವರೆಗೆ ವ್ಯವಸ್ಥಾಪಕರು ಬರುತ್ತಾರೆ. ಎರಡನೇ ಹಲಗೆ ಖಾಲಿ. ಅವರು ಹುಬ್ಬು ಗಂಟಿಕ್ಕುತ್ತಾರೆ.

"ಇನ್ನೂ ಇಟ್ಟಿಲ್ವೇನ್ರಿ?"

"ಇಡಲ್ಲ ಸಾರ್. ಅಲ್ಲಿ ಬೇಡ."

"ಮೇಲಿನೋರು ಹೇಳಿದ್ದು. ನೀವು ಇಡಲಿಲ್ಲ ಅಂದ್ರೆ ಇಡೋರು ಬೇಕಾದಷ್ಟು ಜನ ಸಿಗ್ತಾರೆ."

ಅಕ್ಕನಿಗೆ ಗೊತ್ತು, ಈ ಸಂಬಳದ ಮೇಲೇ ಮನೆ ನಿಂತಿದೆ. ಆದರೂ ಒಂದು ಬಾಟಲಿ ಬರಿದು ಮಾಡಿ, ಮೂರು ಸಲ ತೊಳೆದು, ಕುಡಿಯುವ ನೀರು ತುಂಬಿ ಆ ಹಲಗೆಯಲ್ಲಿಡುತ್ತಾರೆ. "ಬಾಗಿಲು ತೆರೆದ್ಮೇಲೆ ಅರ್ಧ ಗಂಟೆ ಇಲ್ಲೇ ನಿಂತು ನೋಡಿ ಸಾರ್. ಆಮೇಲೆ ಏನು ಹೇಳ್ತೀರೋ ಹೇಳಿ."

ಎಂಟಕ್ಕೆ ಬಾಗಿಲು ತೆರೆಯುತ್ತದೆ. ಹತ್ತು ನಿಮಿಷ ಏನೂ ಆಗುವುದಿಲ್ಲ. ವ್ಯವಸ್ಥಾಪಕರು ಗಡಿಯಾರ ನೋಡುತ್ತಾರೆ. ಅಕ್ಕ ಹಲಗೆಯಿಂದ ಕಣ್ಣು ಕೀಳುವುದಿಲ್ಲ. ಅಷ್ಟರಲ್ಲಿ ಒಬ್ಬ ತಾಯಿ ಹಣ ಕಟ್ಟಲು ಬಂದು ಸಾಮಾನು ಬುಟ್ಟಿಯಿಂದ ತೆಗೆದಿಡುತ್ತಾಳೆ. ಪಕ್ಕದಲ್ಲಿದ್ದ ಮೂರು ವರ್ಷದ ಹುಡುಗಿ ನೆಟ್ಟಗೆ ಹೋಗಿ ಬಾಟಲಿ ಎತ್ತಿ, ಮುಚ್ಚಳಕ್ಕೆ ಬಾಯಿ ಹಾಕಿ ಹಲ್ಲಿನಿಂದ ಕಚ್ಚುತ್ತಾಳೆ.

ನೀರೆಂದು ಗೊತ್ತಿದ್ದೂ ವ್ಯವಸ್ಥಾಪಕರು ಒಂದೇ ನೆಗೆತಕ್ಕೆ ಹೋಗಿ ಕಸಿದುಕೊಳ್ಳುತ್ತಾರೆ. ಮಗು ಕಿರುಚಿ ಅಳುತ್ತದೆ.

"ಎಲ್ಲಿಡೋಣ ಅಕ್ಕಾ?" ಎನ್ನುತ್ತಾರೆ. 'ಅಕ್ಕಾ' ಎಂದದ್ದು ಇದೇ ಮೊದಲು.

ನೆಲ ಒರೆಸುವ ಕೋಲುಗಳ ಸಾಲಿನಲ್ಲಿ, ದೊಡ್ಡವರ ಭುಜದೆತ್ತರದ ಹಲಗೆಗೆ ಅವು ಹೋಗುತ್ತವೆ. ಅಕ್ಕ ಮುಂದಿನ ಸಾಲಿನಿಂದ ಒಂದನ್ನು ತೆಗೆದಿಡುತ್ತಾರೆ. ಮಧ್ಯಾಹ್ನದೊಳಗೆ ಹದಿನೇಳು ಮಾರಾಟ. ಮುಖ್ಯ ಕಚೇರಿಗೆ ವ್ಯವಸ್ಥಾಪಕರೇ ಪತ್ರ ಬರೆಯುತ್ತಾರೆ. ಉತ್ತರ ಇನ್ನೂ ಬಂದಿಲ್ಲ.

ನಿಮಗೇನು ಆಸೆ ಎಂದರೆ ಅಳತೆಯಕ್ಕ ಮಗುವಿನ ಕೈಯೆತ್ತರದ ಆ ಎರಡನೇ ಹಲಗೆ ತೋರಿಸುತ್ತಾರೆ.

"ನಕ್ಷೆ ಬರೆಯೋರು ಒಂದಿನ ಇಲ್ಲಿಗೆ ಬರ್ಲಿ. ನನ್ನ ಜೊತೆ ನೆಲದ ಮೇಲೆ ಕೂತ್ಕೊಂಡು ಅಂಗಡಿ ನೋಡ್ಲಿ. ಅಷ್ಟು ಸಾಕು."