ಹರಿದ ಗ್ಲೌಸಿನ ತುದಿ

ಬಯೋಕೆಮಿಸ್ಟ್ರಿ ಪೇಪರನ್ನು ನಾನು ಮೂರು ಸಲ ಬರೆದಿದ್ದೇನೆ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾದ ಉಳಿದ ಪೇಪರುಗಳೆಲ್ಲ ಕುಂಟುತ್ತಲೋ ತೆವಳುತ್ತಲೋ ದಾಟಿಹೋದವು. ಇದೊಂದು ಮಾತ್ರ ಗಂಟಲ ಮುಳ್ಳಾಗಿ ಉಳಿಯಿತು. ಇದು ಪಾಸಾದರೆ ಕೈಗೆ ಸರ್ಟಿಫಿಕೇಟು ಬರುತ್ತದೆ, ರಕ್ತಪರೀಕ್ಷೆಯ ರಿಪೋರ್ಟಿನ ಕೆಳಗೆ ನಾನು ಸಹಿ ಹಾಕಬಹುದು. ಆಗದಿದ್ದರೆ ಎಷ್ಟು ವರ್ಷ ಸೂಜಿ ಹಿಡಿದರೂ ನಾನು ಹೆಲ್ಪರ್ರೇ. ಸಂಗತಿ ಇಷ್ಟೇ. ಇಷ್ಟೇ ಸಂಗತಿಯ ಹಿಂದೆ ಅಲೆದು ನಾನು ಸುಸ್ತಾಗಿದ್ದೇನೆ.

ನಾವು ಇರುವುದು ದಾಸರಹಳ್ಳಿಯಲ್ಲಿ, ಮೂರನೇ ಮಹಡಿಯ ಒಂದು ಕೋಣೆ ಮತ್ತು ಅಡುಗೆಮನೆಯ ಬಾಡಿಗೆ ಮನೆಯಲ್ಲಿ. ಅಪ್ಪ ಬಾಗಲಕೋಟೆ ಕಡೆಯವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಾರೆ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ನನ್ನ ಕಾಲೇಜು ಮಾದನಾಯಕನಹಳ್ಳಿಯಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲಿನ ಎರಡು ಮಹಡಿಗಳಲ್ಲಿತ್ತು. ಕೆಳಗೆ ಲಾರಿಯಿಂದ ಟೈಲ್ಸ್ ಇಳಿಸುತ್ತಿದ್ದರೆ ಮೇಲೆ ಪಾಠ ಕೇಳಿಸುತ್ತಿರಲಿಲ್ಲ. ಕೇಳಿಸಿದಾಗ ಅರ್ಥವಾಗುತ್ತಿತ್ತೇ ಎಂದರೆ ಅದೂ ಇಲ್ಲ. ಕನ್ನಡ ಶಾಲೆಯಲ್ಲಿ ಕಲಿತವಳು ನಾನು. ಬಯೋಕೆಮಿಸ್ಟ್ರಿ ಪುಸ್ತಕದಲ್ಲಿ ಒಂದು ಸಾಲಿಗೆ ನಾಲ್ಕು ಪದ ಗೊತ್ತಿರುತ್ತಿರಲಿಲ್ಲ. ಅವುಗಳ ಅರ್ಥ ಹುಡುಕುವಷ್ಟರಲ್ಲಿ ಸಾಲಿನ ಆರಂಭ ಮರೆತುಹೋಗಿರುತ್ತಿತ್ತು.

ಹಾಗಾಗಿ ಅರ್ಥದ ಗೊಡವೆಯನ್ನೇ ಬಿಟ್ಟು ಬಾಯಿಪಾಠಕ್ಕೆ ಇಳಿದೆ. ಎಂಟನೇ ಮೈಲಿಯ ಸಿಗ್ನಲ್ಲಿನಿಂದ ಕಾಲೇಜಿನವರೆಗೆ ಬಸ್ಸಿನ ಕಂಬಿ ಹಿಡಿದು ನಿಂತು, ಸಕ್ಕರೆ ದೇಹದಲ್ಲಿ ಒಡೆಯುವ ಒಂದೊಂದೇ ಹಂತವನ್ನು ತುಟಿ ಅಲ್ಲಾಡಿಸಿ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತವರು ಮಂತ್ರ ಅಂದುಕೊಂಡಿರಬೇಕು. ಅಡುಗೆಮನೆಯ ಗೋಡೆಯ ಮೇಲೆ ಬಾಣದ ಗುರುತುಗಳಿದ್ದ ಚಾರ್ಟುಗಳನ್ನು ಅಂಟಿಸಿದ್ದೆ. ಅಪ್ಪ ಒಂದು ದಿನ ಚಹಾ ಕುಡಿಯುತ್ತ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದರು. ದಿನವೂ ಯಂತ್ರದ ಬಿಡಿಭಾಗಗಳ ನಕ್ಷೆ ಓದುವ ಮನುಷ್ಯ ಅವರು.

"ಇದರಾಗ ಅಳತಿ ಎಲ್ಲಿ ಬರದಾರವಾ? ಅಳತಿ ಇಲ್ದ ಡ್ರಾಯಿಂಗ್ ಹೆಂಗ ಓದೂದು?" ಅಂದರು.

"ಓದೋದಲ್ಲಪ್ಪಾ, ಬಾಯಿಪಾಠ ಮಾಡೋದು."

"ಹಂಗಾದ್ರ ಕಷ್ಟ ಐತಿ ಬಿಡು" ಎಂದು ಲೋಟ ಇಟ್ಟು ಶಿಫ್ಟಿಗೆ ಹೊರಟರು. ನನ್ನ ಮೇಷ್ಟ್ರುಗಳಲ್ಲಿ ಒಬ್ಬರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಬಾಯಿಪಾಠ ಪ್ರಶ್ನೆಪತ್ರಿಕೆಯ ಮುಂದೆ ನಿಲ್ಲಲಿಲ್ಲ. ಅವರು ಪ್ರಶ್ನೆಯನ್ನು ಸ್ವಲ್ಪ ಸೊಟ್ಟಗೆ ಕೇಳಿದರೆ ಸಾಕು, ನಾನು ಕಲಿತದ್ದೆಲ್ಲ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತಿತ್ತು. ಮೊದಲ ಸಲ ಫೇಲಾದಾಗ ಅತ್ತೆ. ಎರಡನೇ ಸಲ ಫೇಲಾದಾಗ ಅಳು ಬರಲಿಲ್ಲ, ಸಿಟ್ಟು ಬಂತು. ಅಮ್ಮ ಉಪ್ಪಿಟ್ಟು ತಂದಿಟ್ಟರೆ ತಟ್ಟೆ ತಳ್ಳಿದೆ. ಆ ಎರಡೂ ಸಲ ಪ್ರಾಕ್ಟಿಕಲ್ ಮಾತ್ರ ಸಲೀಸಾಗಿ ಪಾಸಾಗಿತ್ತು. ಆದರೆ ನಮ್ಮಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡೂ ಒಟ್ಟಿಗೆ ಪಾಸಾಗಬೇಕಿತ್ತು. ಒಂದು ಹೋದರೆ ಎರಡನ್ನೂ ಮೊದಲಿನಿಂದ ಬರೆಯಬೇಕು.

ನನಗೆ ಕೈಕೆಲಸ ಬರುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ರಕ್ತ ತೆಗೆಯುವುದನ್ನು ನಾನು ಕಲಿತದ್ದು ಅಪ್ಪನ ತೋಳಿನ ಮೇಲೆ. ಭಾನುವಾರ ಬೆಳಗ್ಗೆ ಅಪ್ಪ ನೆಲದ ಮೇಲೆ ಕೂತು, ದಿಂಬಿನ ಮೇಲೆ ತೋಳು ಚಾಚುತ್ತಿದ್ದರು. ನಾನು ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದೆ. ಲೇತಿನ ಎಣ್ಣೆ ಇಷ್ಟು ವರ್ಷ ಚರ್ಮಕ್ಕೆ ಇಳಿದು ಅವರ ತೋಳು ಕಪ್ಪಾಗಿದೆ. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ. ಅಲ್ಲಿ ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತ ಹೋದರೆ ಮೊಣಕೈ ಮಡಿಕೆಯ ಒಳಗೆ, ಆಳದಲ್ಲಿ, ಮೆತ್ತಗೆ ಪುಟಿಯುವ ಒಂದು ಜಾಗ. ಮೊದಮೊದಲು ಸೂಜಿ ಹಿಡಿದು ಹಾಗೇ ಕೂತುಬಿಡುತ್ತಿದ್ದೆ.

"ಅಂಜಬ್ಯಾಡ ಚುಚ್ಚವಾ, ನನಗೇನ ಆಗೂದಿಲ್ಲ" ಅನ್ನುತ್ತಿದ್ದರು ಅಪ್ಪ. ಕೆಲವು ವಾರಗಳಲ್ಲಿ ನಾನು ಒಂದೇ ಚುಚ್ಚಿಗೆ ರಕ್ತ ತೆಗೆಯತೊಡಗಿದೆ. "ನಿನ್ನ ಬೆರಳಿಗೆ ನನ್ನ ನರದ ಗುರ್ತು ಹತ್ತೈತಿ" ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದರು.

ಮೊದಲ ಸಲ ಫೇಲಾದ ಮೇಲೆ ಪೀಣ್ಯದ ಒಂದು ಚಿಕ್ಕ ಲ್ಯಾಬಿಗೆ ಹೆಲ್ಪರ್ ಆಗಿ ಸೇರಿದ್ದೆ. ಅಲ್ಲಿ ಬರುವವರೆಲ್ಲ ಅಪ್ಪನಂಥವರೇ. ಲೇತಿನವರು, ವೆಲ್ಡಿಂಗಿನವರು, ಪೌಡರ್ ಕೋಟಿಂಗಿನವರು. ಎಲ್ಲರದೂ ಅದೇ ತೋಳು. ಗ್ಲೌಸ್ ಹಾಕಿಕೊಂಡು ಅವರ ನರ ಹುಡುಕುವುದೆಂದರೆ ಕಂಬಳಿಯ ಮೇಲಿಂದ ದಾರ ತಡಕಿದ ಹಾಗೆ. ನಾನು ಒದ್ದಾಡುವುದನ್ನು ನೋಡಿ ಅಲ್ಲಿನ ಹಿರಿಯ ಟೆಕ್ನಿಷಿಯನ್ ಸಾರ್ ಹತ್ತಿರ ಬಂದರು.

"ಹಿಂಗೆ ತಡಕ್ತಾ ಕೂತ್ರೆ ಸಂಜೆ ಆಗುತ್ತೆ ಕಣಮ್ಮ. ತೋರುಬೆರಳಿನ ತುದಿ ಕಿತ್ತಾಕು" ಅಂದರು. ತಮ್ಮ ಗ್ಲೌಸಿನ ತುದಿಯನ್ನು ಹಲ್ಲು ತಾಗಿಸದೆ, ಎರಡೇ ಉಗುರಲ್ಲಿ ಟಪ್ಪನೆ ಹರಿದು ತೋರಿಸಿದರು. ನಾನೂ ಹರಿದೆ. ಬರಿಬೆರಳು ಚರ್ಮಕ್ಕೆ ತಾಗಿದ ಕೂಡಲೇ ನರ ಸಿಕ್ಕಿತು. ಆಮೇಲೆ ಗ್ಲೌಸ್ ಹಾಕಿಕೊಳ್ಳುವುದು, ತುದಿ ಹರಿಯುವುದು ಎರಡೂ ನನಗೆ ಒಂದೇ ಕೆಲಸವಾಯಿತು. ಬೇರೆಯವರಿಗೆ ನರ ಸಿಗದ ಕೇಸುಗಳನ್ನೆಲ್ಲ ನನ್ನ ಬಳಿ ಕಳಿಸುತ್ತಿದ್ದರು. ದಿನದಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆ ಅದೊಂದೇ, ಅದಕ್ಕಾಗಿ ನಾನು ಬೆಳಗ್ಗೆ ಬೇಗ ಹೋಗುತ್ತಿದ್ದೆ.

ಅಲ್ಲಿಗೇ ನನ್ನ ಕಾಲೇಜಿನ ಒಬ್ಬ ಜೂನಿಯರ್ ಹುಡುಗಿ ತರಬೇತಿಗೆ ಬಂದಳು. ಮಾದನಾಯಕನಹಳ್ಳಿಯವಳೇ, ಹೊಲ ಹೋಗಿ ಆ ಜಾಗದಲ್ಲಿ ಗೋಡೌನು ಬಂದ ಮನೆಯವಳು. ಸೂಜಿ ಕಂಡರೆ ಬೆವರುತ್ತಿದ್ದಳು. "ಅಕ್ಕಾ, ಎಂಗಕ್ಕಾ ಇದು ನಂಗೆ ಬತ್ತದೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡಾಗ ನನ್ನ ತೋಳನ್ನೇ ಕೊಟ್ಟೆ. ಅವಳು ಕಲಿತದ್ದು ನನ್ನ ತೋಳಿನ ಮೇಲೆ. ಗ್ಲೌಸಿನ ತುದಿ ಹರಿಯುವುದನ್ನೂ ನಾನೇ ಹೇಳಿಕೊಟ್ಟೆ.

ಮೂರನೇ ಸಲ ನಾನು, ಮೊದಲ ಸಲ ಅವಳು, ಒಂದೇ ದಿನ ಪರೀಕ್ಷೆಗೆ ಕೂತೆವು. ಆ ಸಲ ನಾನು ಬೇರೆ ರೀತಿ ಓದಿದ್ದೆ. ಪ್ರತಿ ಹಂತವನ್ನೂ ಮೊದಲು ಕನ್ನಡದಲ್ಲಿ ಬರೆದು, ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳಿ, ಆಮೇಲೆ ಇಂಗ್ಲಿಷಿಗೆ ಹೋಗುತ್ತಿದ್ದೆ. ಅಪ್ಪ ತೂಕಡಿಸುತ್ತಲೇ ಹೂಂಗುಟ್ಟುತ್ತಿದ್ದರು. ಥಿಯರಿ ಬರೆದು ಹೊರಬಂದಾಗ ಎದೆ ಹಗುರಾಗಿತ್ತು. ಈ ಸಲ ದಾಟಿದೆ ಅಂತ ನನಗೆ ಖಾತ್ರಿಯಾಗಿತ್ತು. ಪ್ರಾಕ್ಟಿಕಲ್ ಬಗ್ಗೆ ಯೋಚನೆಯೇ ಮಾಡಲಿಲ್ಲ. ಮೀನಿಗೆ ಯಾರಾದರೂ ಈಜಿನ ಪರೀಕ್ಷೆ ಇಡುತ್ತಾರೆಯೇ ಎಂಬ ಕೊಬ್ಬು.

ಹಿಂದಿನ ಎರಡು ಸಲ ರಕ್ತದ ಸ್ಯಾಂಪಲನ್ನು ಕಾಲೇಜಿನವರೇ ಕೊಟ್ಟಿದ್ದರು. ಈ ಸಲ ಹೊರಗಿನಿಂದ ಬಂದ ಪರೀಕ್ಷಕಿ, ಬೆಳ್ಳಿಗೂದಲಿನ ಮೇಡಂ, ರಕ್ತವನ್ನೂ ನೀವೇ ತೆಗೆದು ಅದರಲ್ಲಿ ಸಕ್ಕರೆ ಎಷ್ಟಿದೆ ನೋಡಿ ಅಂದರು. ನನ್ನ ಎದುರು ಕೂರಿಸಿದ್ದು ಒಂದನೇ ವರ್ಷದ ಹುಡುಗಿಯನ್ನು. ಬಿಳಿ ತೋಳು. ನರ ಹಸಿರಾಗಿ ಎದ್ದು ಕಾಣುತ್ತಿತ್ತು, ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ನಾನು ಪಟ್ಟಿ ಬಿಗಿದೆ, ಗ್ಲೌಸ್ ಹಾಕಿಕೊಂಡೆ, ಟಪ್ಪನೆ ತುದಿ ಹರಿದೆ.

ಹರಿದೆ ಎಂದು ಹರಿದ ಮೇಲೆಯೇ ನನಗೆ ಗೊತ್ತಾದದ್ದು.

"ಯಾಕಮ್ಮ ಹರಿದೆ?" ಮೇಡಂ ಗದರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು.

"ನರ ಸಿಗಲಿ ಅಂತ ಮೇಡಂ."

"ಎದುರಿಗೇ ಕಾಣ್ತಿದೆಯಲ್ಲ. ಈ ಹುಡುಗಿಗೆ ಹೆಪಟೈಟಿಸ್ ಇದ್ರೆ? ನಿನಗಿದ್ರೆ? ಎಷ್ಟು ಜನರಿಗೆ ಹೀಗೆ ಮಾಡಿದ್ದೀಯ?"

ನನ್ನ ಬಳಿ ಲೆಕ್ಕ ಇರಲಿಲ್ಲ. ಬೇರೆ ಗ್ಲೌಸ್ ಹಾಕಿಕೊಂಡು ಮಾಡುತ್ತೇನೆ ಅಂದೆ. "ಬೇಡ, ಸಾಕು" ಎಂದು ಅವರು ಹಾಳೆಯ ಮೇಲೆ ಏನೋ ಬರೆದರು. ಪಕ್ಕದ ಮೇಜಿನಲ್ಲಿ ನನ್ನ ಜೂನಿಯರ್ ಇಡೀ ಗ್ಲೌಸ್ ಹಾಕಿಕೊಂಡೇ ರಕ್ತ ತೆಗೆದು ಟ್ಯೂಬಿಗೆ ತುಂಬುತ್ತಿದ್ದಳು. ಮೆಟ್ಟಿಲಿಳಿದು ಟೈಲ್ಸ್ ಅಂಗಡಿಯ ಮುಂದೆ ನಿಂತು ಆ ಮೇಡಂಗೆ ಬಾಯಿಗೆ ಬಂದಂತೆ ಬೈದುಕೊಂಡೆ. ಪೀಣ್ಯಕ್ಕೆ ಬಂದು ಒಂದು ದಿನ ಸೂಜಿ ಹಿಡಿಯಲಿ ನೋಡೋಣ ಅಂತ. ಆದರೆ ಬೈಯುವಾಗಲೂ ಗೊತ್ತಿತ್ತು, ಅವರು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬೈಗುಳ ಮುಗಿದ ಮೇಲೆ ಉಳಿದದ್ದು ನಾಚಿಕೆ.

ಫಲಿತಾಂಶ ಬಂತು. ಥಿಯರಿ ಪಾಸ್, ಪ್ರಾಕ್ಟಿಕಲ್ ಫೇಲ್. ಅಂದರೆ ಎರಡೂ ಮತ್ತೆ. ಅಷ್ಟು ಕಷ್ಟಪಟ್ಟು ಗೆದ್ದ ಥಿಯರಿಯೂ ಹೋಯಿತು. ಮೊಬೈಲನ್ನು ಮುಚ್ಚಿಟ್ಟು ಅನ್ನಕ್ಕೆ ಇಟ್ಟೆ. ಅಪ್ಪ ಕೇಳಿದಾಗ ಇನ್ನೂ ಬಂದಿಲ್ಲ ಅಂದೆ. ಅವರು ಮರುದಿನವೂ ಕೇಳಿದರು, ನಾನು ಮರುದಿನವೂ ಅದನ್ನೇ ಅಂದೆ. ಜೂನಿಯರ್ ಎಲ್ಲದರಲ್ಲೂ ಪಾಸಾಗಿ ಅದೇ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆದಳು. ಸ್ವೀಟು ಕೊಡಲು ಬಂದಾಗ ನನ್ನ ಮುಖ ನೋಡಲಾಗದೆ ಡಬ್ಬವನ್ನು ಮೇಜಿನ ಮೇಲಿಟ್ಟು ಹೋದಳು. ಇಡೀ ಗ್ಲೌಸ್ ಹಾಕಿಯೇ ಕೆಲಸ ಮಾಡಿ ಅಭ್ಯಾಸ ಮಾಡಿಕೋ, ಮುಂದಿನ ಸಲಕ್ಕೆ ಕೈ ತಪ್ಪಬಾರದು ಅಂದರು ಸಾರ್. ಹರಿಯಲು ಹೇಳಿಕೊಟ್ಟವರೂ ಅವರೇ. ನಾನು ಹೂಂ ಅಂದೆ. ಇನ್ನು ಹರಿಯುವುದಿಲ್ಲ ಎಂದು ನನಗೂ ಅನ್ನಿಸಿತ್ತು.

ಮುಂದಿನ ವಾರ ಅಪ್ಪನ ಕಾರ್ಖಾನೆಯಲ್ಲಿ ಕೆಲಸಗಾರರ ಆರೋಗ್ಯ ತಪಾಸಣೆ, ಅದು ನಮ್ಮ ಲ್ಯಾಬಿಗೇ ಬಂದಿತ್ತು. ಕ್ಯಾಂಟೀನಿನಲ್ಲಿ ಎರಡು ಮೇಜು ಹಾಕಿದರು. ಒಂದರಲ್ಲಿ ನಾನು, ಒಂದರಲ್ಲಿ ಜೂನಿಯರ್. ಅವಳ ಸಾಲು ಚಿಕ್ಕದಿದ್ದರೂ ಅಪ್ಪ ನನ್ನ ಸಾಲಿನಲ್ಲಿಯೇ ನಿಂತರು. ಜೊತೆಗೆ ಹತ್ತು ಹನ್ನೆರಡು ಜನರನ್ನೂ ಎಳೆದು ತಂದಿದ್ದರು.

"ನನ್ನ ಮಗಳರೀ. ಕೈ ಭಾಳ ಹಗರ. ಚುಚ್ಚಿದ್ದು ಗೊತ್ತಾಗೂದಿಲ್ಲ" ಎಂದು ಸಾಲಿಡೀ ಕೇಳುವಂತೆ ಹೇಳುತ್ತ ನನ್ನ ಮುಂದೆ ಕೂತು ತೋಳು ಚಾಚಿದರು. ಅದೇ ತೋಳು.

ಪಟ್ಟಿ ಬಿಗಿದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಇಡೀ ಗ್ಲೌಸಿನ ಬೆರಳಿಂದ ಮೊಣಕೈ ಮಡಿಕೆ ಒತ್ತಿ ನೋಡಿದೆ. ಬರಿ ರಬ್ಬರು ತಾಗಿತು. ಇಲ್ಲಿಯೇ ಇರುತ್ತಿತ್ತಲ್ಲ ಎಂದುಕೊಂಡು ಚುಚ್ಚಿದೆ. ರಕ್ತ ಬರಲಿಲ್ಲ. ಸೂಜಿಯನ್ನು ಸ್ವಲ್ಪ ಆಚೆ ಈಚೆ ಮಾಡಿದೆ. ಅಪ್ಪ ಹುಬ್ಬು ಗಂಟಿಕ್ಕಿದರು. ಹೊಸ ಸೂಜಿ ತೆಗೆದು ಇನ್ನೊಂದು ತೋಳಿಗೆ ಚುಚ್ಚಿದೆ. ಅಲ್ಲಿಯೂ ಇಲ್ಲ. ನನ್ನ ತೋರುಬೆರಳು ಗ್ಲೌಸಿನೊಳಗೆ ಬೆವರಿ ಒದ್ದೆಯಾಗಿತ್ತು. ಒಂದು ಸಲ ತುದಿ ಹರಿದರೆ ಸಾಕಿತ್ತು. ಎಡಗೈಯ ಉಗುರು ಅಲ್ಲಿಗೆ ಹೋಯಿತು. ಎಷ್ಟು ಜನರಿಗೆ ಹೀಗೆ ಮಾಡಿದ್ದೀಯ ಎಂಬ ಮಾತು ಕೇಳಿದಂತಾಗಿ ಕೈ ಹಿಂದೆ ತೆಗೆದೆ. ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ಚುಚ್ಚಬಾರದು, ಇನ್ನೊಬ್ಬರನ್ನು ಕರೆಯಬೇಕು ಎಂದು ಪುಸ್ತಕದಲ್ಲಿದೆ. ಆ ಸಾಲು ನನಗೆ ಚೆನ್ನಾಗಿ ಬಾಯಿಪಾಠ ಬರುತ್ತದೆ.

ಜೂನಿಯರನ್ನು ಕರೆದೆ.

ಅವಳು ಬಂದು ನನ್ನ ಪಕ್ಕ ಬಗ್ಗಿ ನಿಂತಳು. ಅಪ್ಪನ ತೋಳು ನೋಡಿದಳು, ಟಪ್ಪನೆ ಗ್ಲೌಸಿನ ತುದಿ ಹರಿದಳು, ಬೆರಳಿಟ್ಟಳು, ಚುಚ್ಚಿದಳು. ರಕ್ತ ಸಿರಿಂಜಿಗೆ ನುಗ್ಗಿತು. ನಾನು ಟ್ಯೂಬಿನ ಮುಚ್ಚಳ ತೆಗೆದು ಹಿಡಿದುಕೊಂಡೆ, ಅದು ಹೆಲ್ಪರ್ ಕೆಲಸ.

ಅಪ್ಪ ಮೂರು ಕಡೆ ಹತ್ತಿ ಒತ್ತಿಕೊಂಡು ಎದ್ದರು. ನನ್ನನ್ನು ನೋಡಿದರು. ರಿಸಲ್ಟ್ ಬಂದಿದೆ ಎಂಬುದು ಅವರಿಗೆ ಆಗಲೇ ತಿಳಿಯಿತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ, ಯಾಕೆಂದರೆ ಅವತ್ತಿನಿಂದ ಅವರು ಮತ್ತೆ ಕೇಳಲೇ ಇಲ್ಲ. ಸಾಲಿನ ಕಡೆ ತಿರುಗಿ ಜೋರಾಗಿ ನಕ್ಕು, "ವಯಸ್ಸಾತ್ರೀ, ನನ್ನ ನರಾನ ಸರಿ ಇಲ್ಲ. ಅಕಿದೇನ ತಪ್ಪಿಲ್ಲ" ಅಂದರು.

ಅಪ್ಪನ ಹಿಂದೆ ನಿಂತಿದ್ದವರು ಕಾಲು ಎಳೆಯುತ್ತ, ನನಗೆ ಬೇಜಾರಾಗದ ಹಾಗೆ ಬೇರೆಲ್ಲೋ ನೋಡುತ್ತ, ಒಬ್ಬೊಬ್ಬರಾಗಿ ಪಕ್ಕದ ಸಾಲಿಗೆ ಹೋಗಿ ನಿಂತರು.