ಮಂಚದ ಕೆಳಗಿನ ಪತ್ತೇದಾರ

ದೊಡ್ಡಪ್ಪ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಬಂದ ದಿನ, ಇವರು ಯಾವುದೋ ಅನ್ಯಗ್ರಹದವರೆಂದು ನಂಬಿ ಮಂಚದ ಕೆಳಗೆ ಅಡಗಿದ ಮಹಾಬುದ್ಧಿವಂತ ನಾನು. ಟಾಕೀಸಿನಲ್ಲಿ ಹಾಡು ಗುನುಗುತ್ತಾ ಟಿಕೆಟ್ ಹರಿದು ಕೊಡುತ್ತಿದ್ದ ದೊಡ್ಡಮ್ಮ ನನಗೆ ಆ ಭಯ ಹತ್ತಿಸಿದ ಸಿನಿಮಾವನ್ನು ಪುಕ್ಕಟೆ ತೋರಿಸಿದ್ದರು. ಅದರಲ್ಲಿ ಬೇರೆ ಗ್ರಹದವರು ಮನೆಯವರದೇ ರೂಪದಲ್ಲಿ ಬಂದು ಸೇರಿಕೊಳ್ಳುತ್ತಾರೆ. ಹೆಂಡತಿಯೊಬ್ಬಳು ಮಾತ್ರ ಗಂಡನನ್ನು ನೋಡಿ, ಇವನು ಅವನಲ್ಲ ಅನ್ನುತ್ತಾಳೆ.

ಟಾಕೀಸು ಮುಚ್ಚಿತು, ದೊಡ್ಡಪ್ಪ ತೀರಿಕೊಂಡರು. ದೊಡ್ಡಮ್ಮ ಈಗಲೂ ಆ ಸಿನಿಮಾವನ್ನೇ ಮೊಬೈಲಿನಲ್ಲಿ ನೋಡುತ್ತಾರೆ. ಮೊನ್ನೆ ರಜೆಯಲ್ಲಿ ಪಕ್ಕದಲ್ಲಿ ಕೂತವನು ಬಾಯಿ ತಡೆಯದೆ ಕೇಳಿಬಿಟ್ಟೆ.

“ದೊಡ್ಡಮ್ಮ, ದೊಡ್ಡಪ್ಪ ಬದಲಾಗಿದ್ದಾರೆ ಅಂತ ನಿಮಗೂ ಅನ್ನಿಸಿತ್ತಾ?”

“ಅವರು ಕೊನೇವರೆಗೂ ಹಾಗೇ ಇದ್ರು ಕಣೋ. ಬದಲಾದವಳು ನಾನು. ಹಾಡೋದನ್ನೇ ಬಿಟ್ಟೆ. ಮನೇಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಮಂಚದ ಕೆಳಗಿನ ಪತ್ತೇದಾರ, ನಿನಗೂ ಬರಲಿಲ್ಲ.”